ಯಾವ ನೀರಿನ ಜ್ವರ?

ಬೆಳಗಾವಿಯಿಂದ ಖಾನಾಪುರಕ್ಕೆ ಬಸ್ಸಿನಲ್ಲಿ ಹೆಚ್ಚೆಂದರೆ ಒಂದು ತಾಸಿನ ಹಾದಿ. ಅಲ್ಲಿಂದ ಮುಂದೆ ಜಾಂಬೋಟಿಯ ಕಡೆಗೋ, ಲೋಂಡಾದ ಕಡೆಗೋ ಹೊರಟರೆ ಬಯಲುಸೀಮೆ ಹಿಂದೆ ಸರಿದು ಸಹ್ಯಾದ್ರಿಯ ಕಾಡು ಎದುರಾಗುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿ ಇರುವುದು ಇದೇ ತಾಲ್ಲೂಕಿನಲ್ಲಿ. ಕದಂಬರ ಕಾಲದ ಹಲಸಿ ಇರುವುದೂ ಇಲ್ಲೇ. ಮಳೆಗಾಲದಲ್ಲಿ ಹೆಜ್ಜೆಗೊಂದು ಹಳ್ಳ, ಮಾರಿಗೊಂದು ತೊರೆ.

ಇಷ್ಟು ಚೆಲುವಾದ ಸೀಮೆಗೆ ಹೋಗಲು ಒಂದು ಕಾಲದಲ್ಲಿ ಬಯಲುಸೀಮೆಯವರು ಹೆದರುತ್ತಿದ್ದರು. ಕಾಡಂಚಿನ ಊರುಗಳಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರು. ವರ್ಗವಾದ ನೌಕರರು ಬೇರೆ ಊರಿಗಾಗಿ ಅರ್ಜಿ ಹಾಕುತ್ತಿದ್ದರು. ಕಾರಣ ಕೇಳಿದರೆ ಹಿರಿಯರ ಬಾಯಲ್ಲಿ ಬರುತ್ತಿದ್ದ ಉತ್ತರ ಒಂದೇ: ‘ಅಲ್ಲೀ ನೀರು ನಮಗ ಒಗ್ಗಂಗಿಲ್ಲ.’ ಆ ನೀರು ಕುಡಿದರೆ ಚಳಿಜ್ವರ ಬರುತ್ತದೆ, ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆಯುತ್ತದೆ ಎಂಬುದು ನಂಬಿಕೆ.

ಇದನ್ನು ಹಳ್ಳಿಗರ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಕುತೂಹಲದ ಸಂಗತಿಯೆಂದರೆ, ನೂರಮೂವತ್ತು ವರ್ಷಗಳ ಹಿಂದೆ ಲಂಡನ್ನಿನ ಅತ್ಯಂತ ದೊಡ್ಡ ವೈದ್ಯವಿಜ್ಞಾನಿಗಳಲ್ಲಿ ಒಬ್ಬರೂ ಹೆಚ್ಚುಕಡಿಮೆ ಇದನ್ನೇ ನಂಬಿದ್ದರು. ಮಲೇರಿಯಾಕ್ಕೂ ನೀರಿಗೂ ಇರುವ ನಿಜವಾದ ನಂಟು ಯಾವುದು ಎಂಬುದನ್ನು ಕಂಡುಹಿಡಿದ ಕತೆಯಲ್ಲಿ ಕರ್ನಾಟಕಕ್ಕೂ ಒಂದು ಪಾಲಿದೆ. ಆ ಕತೆ ಇನ್ನೂ ಮುಗಿದಿಲ್ಲ ಎನ್ನುವುದಕ್ಕಾಗಿಯೇ ಅದನ್ನು ಮತ್ತೆ ನೆನೆಯಬೇಕಾಗಿದೆ.

ಕೆಟ್ಟ ಗಾಳಿ, ಕೆಟ್ಟ ನೀರು

‘ಮಲೇರಿಯಾ’ ಎಂಬ ಪದ ಇಟಲಿಯದು. ಕೆಟ್ಟ ಗಾಳಿ ಎಂದು ಅದರ ಅರ್ಥ. ಜೌಗು ನೆಲದಿಂದ ಏಳುವ ದುರ್ಗಂಧವೇ ಜ್ವರಕ್ಕೆ ಕಾರಣ ಎಂದು ಯುರೋಪಿನವರು ಶತಮಾನಗಳ ಕಾಲ ತಿಳಿದಿದ್ದರು. 1880ರಲ್ಲಿ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೇನಾ ವೈದ್ಯ ಲವೆರಾನ್, ರೋಗಿಯ ರಕ್ತದಲ್ಲಿ ಒಂದು ಸೂಕ್ಷ್ಮ ಪರೋಪಜೀವಿಯನ್ನು ಕಂಡರು. ಗಾಳಿಯ ವಾದ ಅಲ್ಲಿಗೆ ಬಿದ್ದುಹೋಯಿತು. ಆದರೆ ಆ ಜೀವಿ ಒಬ್ಬರ ರಕ್ತದಿಂದ ಇನ್ನೊಬ್ಬರ ರಕ್ತಕ್ಕೆ ದಾಟುವುದು ಹೇಗೆ ಎಂಬ ಪ್ರಶ್ನೆ ಉಳಿಯಿತು.

ಇದಕ್ಕೆ ಉತ್ತರ ಊಹಿಸಿದವರು ಪ್ಯಾಟ್ರಿಕ್ ಮ್ಯಾನ್ಸನ್. ಆನೆಕಾಲು ರೋಗದ ಹುಳು ಸೊಳ್ಳೆಯ ದೇಹದೊಳಗೆ ಬೆಳೆಯುತ್ತದೆ ಎಂಬುದನ್ನು 1877ರಲ್ಲಿ ಚೀನಾದಲ್ಲಿ ಕಂಡುಕೊಂಡಿದ್ದ ವೈದ್ಯರು ಇವರು. ಮಲೇರಿಯಾದಲ್ಲೂ ಸೊಳ್ಳೆಯ ಕೈವಾಡವಿದೆ ಎಂದು ಅವರಿಗೆ ಅನಿಸಿತ್ತು. ಆದರೆ ಅವರ ಲೆಕ್ಕ ಹೀಗಿತ್ತು: ಸೊಳ್ಳೆ ಒಮ್ಮೆ ರಕ್ತ ಹೀರುತ್ತದೆ, ನೀರಿನ ಮೇಲೆ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಅದರ ಮೈಯಲ್ಲಿದ್ದ ರೋಗಬೀಜ ನೀರಿಗೆ ಸೇರುತ್ತದೆ. ಆ ನೀರು ಕುಡಿದವರಿಗೆ ಜ್ವರ ಬರುತ್ತದೆ. ಅಂದರೆ ‘ನೀರು ಒಗ್ಗಂಗಿಲ್ಲ’ ಎಂಬ ನಮ್ಮ ಹಿರಿಯರ ಮಾತಿಗೆ ವಿಜ್ಞಾನದ ಪೋಷಾಕು ತೊಡಿಸಿದಂತೆ!

1894ರಲ್ಲಿ ಲಂಡನ್ನಿನಲ್ಲಿ ಮ್ಯಾನ್ಸನ್ ಅವರನ್ನು ಭೇಟಿಯಾದ ರೊನಾಲ್ಡ್ ರಾಸ್ ಈ ಊಹೆಯನ್ನು ತಲೆತುಂಬ ಹೊತ್ತುಕೊಂಡು ಭಾರತಕ್ಕೆ ಮರಳಿದರು. ರಾಸ್ ಹುಟ್ಟಿದ್ದು 1857ರಲ್ಲಿ ಅಲ್ಮೋರಾದಲ್ಲಿ. ಮದ್ರಾಸ್ ಪ್ರಾಂತದ ಸೇನಾ ವೈದ್ಯರಾಗಿದ್ದರು. 1895ರಲ್ಲಿ ಸಿಕಂದರಾಬಾದಿನಲ್ಲಿ ಅವರು ಊಹೆಯ ಪರೀಕ್ಷೆಗೆ ತೊಡಗಿದರು. ರೋಗಿಯ ರಕ್ತ ಹೀರಿದ ಸೊಳ್ಳೆಗಳು ಸತ್ತು ಬಿದ್ದ ನೀರನ್ನು ಲಚ್ಮನ್ ಎಂಬ ಆರೋಗ್ಯವಂತ ಯುವಕನಿಗೆ ಕುಡಿಸಿದರು. ಕೆಲವು ದಿನಗಳ ಬಳಿಕ ಆತನಿಗೆ ಅಲ್ಪ ಜ್ವರ ಬಂದು ಹೋಯಿತು. ರಾಸ್ ಹಿಗ್ಗಿದರು. ಆದರೆ ಮತ್ತೆ ಮತ್ತೆ ಪ್ರಯೋಗ ಮಾಡಿದಾಗ ಫಲ ಸಿಗಲಿಲ್ಲ. ಇಂದಿನ ವೈದ್ಯಕೀಯ ನೀತಿಸಂಹಿತೆ ಇಂಥ ಪ್ರಯೋಗಕ್ಕೆ ಎಂದೂ ಒಪ್ಪದು. ಮಲೇರಿಯಾ ಚರಿತ್ರೆಯ ಮೊದಲ ಪುಟಗಳಲ್ಲಿ ಇಂಥ ಬಡವರ ಮೈ ಒತ್ತೆ ಬಿದ್ದಿದೆ ಎಂಬುದನ್ನು ಮರೆಯುವಂತಿಲ್ಲ.

ಬೆಂಗಳೂರಿನ ತೊಟ್ಟಿ

ರಾಸ್ ಅವರಿಗೆ ಸೊಳ್ಳೆಯ ಮೊದಲ ಪಾಠವಾದದ್ದು ಅದಕ್ಕೂ ಬಹಳ ಹಿಂದೆ, ಬೆಂಗಳೂರಿನಲ್ಲಿ. 1883ರಲ್ಲಿ ಅವರು ಅಲ್ಲಿನ ದಂಡಿನಲ್ಲಿ ವೈದ್ಯರಾಗಿದ್ದಾಗ ತಂಗಿದ್ದ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಇಣುಕಿ ನೋಡಿದರೆ ಮರಿಹುಳುಗಳು ಕಿಲಿಬಿಲಿಗುಟ್ಟುತ್ತಿದ್ದವು. ತೊಟ್ಟಿಯನ್ನು ಬೋರಲು ಹಾಕಿಸಿದರು, ಸೊಳ್ಳೆ ಕಡಿಮೆಯಾಯಿತು. ಉಳಿದ ತೊಟ್ಟಿಗಳನ್ನೂ ಹಾಗೆಯೇ ಮಾಡಬಹುದಲ್ಲ ಎಂದು ಮೇಲಿನ ಅಧಿಕಾರಿಗೆ ಸೂಚಿಸಿದರೆ, ಸೃಷ್ಟಿಯ ನಿಯಮಕ್ಕೆ ಅಡ್ಡಬರಬಾರದು, ಸೊಳ್ಳೆಯನ್ನು ಸಹಿಸಿಕೊಳ್ಳಬೇಕು ಎಂಬರ್ಥದ ಉತ್ತರ ಬಂತು. ರಾಸ್ ತಮ್ಮ ನೆನಪುಗಳಲ್ಲಿ ಇದನ್ನು ಬರೆದುಕೊಂಡಿದ್ದಾರೆ.

1895ರ ಸೆಪ್ಟೆಂಬರಿನಲ್ಲಿ ಅವರು ಮತ್ತೆ ಬೆಂಗಳೂರಿಗೆ ಬಂದರು. ಈ ಬಾರಿ ಕರೆಸಿದ್ದು ಕಾಲರಾ. ಮಲೇರಿಯಾ ಸಂಶೋಧನೆಯನ್ನು ಬದಿಗಿಟ್ಟು ಊರಿನ ಬಾವಿ, ಚರಂಡಿ, ಕೊಳೆಗೇರಿಗಳ ತಪಾಸಣೆ ಮಾಡಬೇಕಾಯಿತು. 1896ರಲ್ಲಿ ದಂಡುಪ್ರದೇಶದ ಕಾಲರಾ ಮತ್ತು ನೈರ್ಮಲ್ಯದ ಬಗ್ಗೆ ವರದಿಯನ್ನೂ ಬರೆದರು. ಕಾಲರಾ ನಿಜಕ್ಕೂ ಕುಡಿಯುವ ನೀರಿನಿಂದ ಬರುವ ರೋಗ. ಮಲೇರಿಯಾ ಹಾಗಲ್ಲ. ಒಬ್ಬನೇ ವೈದ್ಯ, ಒಂದೇ ಊರಿನಲ್ಲಿ, ನೀರಿನ ಈ ಎರಡು ಮುಖಗಳೊಡನೆ ಸೆಣಸುತ್ತಿದ್ದುದು ಗಮನಾರ್ಹ.

ಮುಂದಿನ ಕತೆ ಪ್ರಸಿದ್ಧ. ಸಿಕಂದರಾಬಾದಿಗೆ ಮರಳಿದ ರಾಸ್, ಹುಸೇನ್ ಖಾನ್ ಎಂಬ ರೋಗಿಗೆ ಸೊಳ್ಳೆಯೊಂದರ ಕಡಿತಕ್ಕೆ ಒಂದಾಣೆಯಂತೆ ಕೊಟ್ಟು ಹತ್ತು ಸೊಳ್ಳೆಗಳಿಂದ ಕಚ್ಚಿಸಿದರು. 1897ರ ಆಗಸ್ಟ್ 20ರಂದು, ಅವುಗಳಲ್ಲೊಂದರ ಜಠರದ ಗೋಡೆಯಲ್ಲಿ ಮಲೇರಿಯಾದ ಜೀವಿ ಬೆಳೆಯುತ್ತಿರುವುದು ಸೂಕ್ಷ್ಮದರ್ಶಕದಲ್ಲಿ ಕಾಣಿಸಿತು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾದ ಮೇಲೆ ಕೆಲಸ ಮಾಡಿ, ರೋಗಬೀಜ ಸೊಳ್ಳೆಯ ಜೊಲ್ಲುಗ್ರಂಥಿಗೆ ಸೇರಿ ಕಡಿತದ ಮೂಲಕವೇ ದಾಟುತ್ತದೆ ಎಂದು ತೋರಿಸಿಕೊಟ್ಟರು. ಕುಡಿಯುವ ನೀರು ನಿರಪರಾಧಿ ಎಂದು ಸಾಬೀತಾಯಿತು.

ಒಂದು ಸಮ್ಮೇಳನ

ಈ ಸುದ್ದಿ ಜಗತ್ತಿಗೆ ತಿಳಿದದ್ದು ವೈದ್ಯರ ಒಂದು ಸಮ್ಮೇಳನದಲ್ಲಿ. 1898ರ ಜುಲೈನಲ್ಲಿ ಎಡಿನ್‌ಬರೋದಲ್ಲಿ ಬ್ರಿಟಿಷ್ ಮೆಡಿಕಲ್ ಅಸೋಸಿಯೇಶನ್‌ನ ವಾರ್ಷಿಕ ಸಭೆ ನಡೆಯಿತು. ಉಷ್ಣವಲಯದ ರೋಗಗಳಿಗೆಂದೇ ಒಂದು ಪ್ರತ್ಯೇಕ ಗೋಷ್ಠಿ ಇತ್ತು. ಮ್ಯಾನ್ಸನ್ ಅದರ ಅಧ್ಯಕ್ಷರು. ರಾಸ್ ಸಾವಿರಾರು ಮೈಲಿ ದೂರದಲ್ಲಿದ್ದರು. ಅವರ ಪರವಾಗಿ ಮ್ಯಾನ್ಸನ್ ಅವರೇ ಎದ್ದುನಿಂತು ಫಲಿತಾಂಶವನ್ನು ಸಭೆಯ ಮುಂದಿಟ್ಟರು. ಕುಡಿಯುವ ನೀರಿನಿಂದ ಮಲೇರಿಯಾ ಬರುತ್ತದೆ ಎಂದು ಊಹಿಸಿದ್ದವರೇ, ಅದು ಹಾಗಲ್ಲ ಎಂಬ ಶಿಷ್ಯನ ಫಲಿತಾಂಶವನ್ನು ಸಂತೋಷದಿಂದ ಓದಿ ಹೇಳಿದರು. ರಾಸ್ ಅವರಿಗೆ 1902ರಲ್ಲಿ ನೊಬೆಲ್ ಬಂತು.

ಇಂಥ ಸಮ್ಮೇಳನಗಳು ಆಮೇಲೆ ವಾಡಿಕೆಯಾದವು. 1903ರಲ್ಲಿ ಅಮೆರಿಕದಲ್ಲಿ, 1907ರಲ್ಲಿ ಲಂಡನ್ನಿನಲ್ಲಿ ಉಷ್ಣವಲಯ ವೈದ್ಯಕೀಯದ ಸಂಘಗಳು ಹುಟ್ಟಿದವು. ಅವುಗಳ ಸಭೆಗಳಲ್ಲಿ ಇಂದಿಗೂ ಮಲೇರಿಯಾ ಮತ್ತು ನೀರಿನ ಮೇಲಿನ ಪ್ರಬಂಧಗಳು ಮಂಡಿತವಾಗುತ್ತವೆ. ಬೆಳಗಾವಿಯನ್ನೊಳಗೊಂಡ ಮುಂಬಯಿ ಪ್ರಾಂತದಲ್ಲೂ 1909ರ ಫೆಬ್ರುವರಿಯಲ್ಲಿ ಬಾಂಬೆ ಮೆಡಿಕಲ್ ಕಾಂಗ್ರೆಸ್ ನಡೆಯಿತು. ಅಲ್ಲಿ ಕ್ರಿಸ್ಟೋಫರ್ಸ್ ಮತ್ತು ಬೆಂಟ್ಲಿ ಎಂಬಿಬ್ಬರು ವೈದ್ಯರು ಮುಖ್ಯವಾದೊಂದು ಮಾತು ಹೇಳಿದರು. ಬಂಗಾಳದ ಚಹಾ ತೋಟಗಳಲ್ಲಿ ಅಧ್ಯಯನ ನಡೆಸಿದ್ದ ಅವರ ಪ್ರಕಾರ, ಮಲೇರಿಯಾ ಭುಗಿಲೇಳಲು ಸೊಳ್ಳೆ ಒಂದೇ ಸಾಲದು. ದೂರದ ಊರುಗಳಿಂದ ಬಡ ಕೂಲಿಗಳನ್ನು ತಂದು ಒಂದೆಡೆ ಗುಂಪುಹಾಕುವುದೂ ಕಾರಣ. ಇದನ್ನವರು ‘ಮಾನವ ಅಂಶ’ ಎಂದು ಕರೆದರು.

ಖಾನಾಪುರ ತಾಲ್ಲೂಕಿಗೆ ಈ ಮಾತು ದೂರದ್ದಲ್ಲ. 1880ರ ದಶಕದಲ್ಲಿ ಲೋಂಡಾ ಮತ್ತು ಕ್ಯಾಸಲ್‌ರಾಕ್ ದಾಟಿ ಮರ್ಮಗೋವೆಯ ಬಂದರಿಗೆ ರೈಲು ಹಾದಿ ಹಾಕಿದಾಗ ಇಲ್ಲಿನ ಘಟ್ಟದಲ್ಲೂ ಕೂಲಿಗಳ ಗುಡಿಸಲುಗಳು ಎದ್ದಿದ್ದವು. ಮರ ಕಡಿಯಲು, ಇದ್ದಿಲು ಸುಡಲು ಬಂದವರೂ ಇದ್ದರು. ಬಯಲಿನಿಂದ ಬಂದವರ ರಕ್ತಕ್ಕೆ ಈ ಜ್ವರ ಹೊಸದು. ಚಿಕ್ಕಂದಿನಿಂದ ಜ್ವರ ತಿಂದು ಬದುಕುಳಿದ ಸ್ಥಳೀಯರಲ್ಲಿ ಅಷ್ಟಿಷ್ಟು ತಡೆಶಕ್ತಿ ಇರುತ್ತಿತ್ತು. ಹೊಸಬರಿಗೆ ಅದಿರಲಿಲ್ಲ. ‘ಒಗ್ಗಂಗಿಲ್ಲ’ ಎಂಬ ಮಾತಿನಲ್ಲಿ ಹೀಗೆ ಅರ್ಧ ಸತ್ಯ ಅಡಗಿತ್ತು. ಒಗ್ಗದೆ ಇದ್ದುದು ನೀರಲ್ಲ, ನೀರಿನ ದಡದ ಸೊಳ್ಳೆ ಹೊತ್ತು ತರುತ್ತಿದ್ದ ಜೀವಿ.

ಹಳ್ಳದ ಸೊಳ್ಳೆ, ಗೋಡೆಯ ಔಷಧ

ಕೊಳೆತ ನೀರಿನಲ್ಲಿ ಮಲೇರಿಯಾ ಹುಟ್ಟುತ್ತದೆ ಎಂಬುದು ಇಂದಿಗೂ ಹಲವರ ತಿಳಿವಳಿಕೆ. ಚರಂಡಿಯ ಕೊಳೆನೀರಿನಲ್ಲಿ ಬೆಳೆಯುವುದು ಮುಖ್ಯವಾಗಿ ಕ್ಯೂಲೆಕ್ಸ್ ಜಾತಿಯ ಸೊಳ್ಳೆ. ಅದು ಆನೆಕಾಲು ರೋಗ ಹರಡುತ್ತದೆ, ಮಲೇರಿಯಾ ಅಲ್ಲ. ಮಲೇರಿಯಾ ತರುವ ಅನಾಫಿಲಿಸ್ ಸೊಳ್ಳೆಗಳ ರುಚಿ ಬೇರೆ. ಅವುಗಳಲ್ಲಿ ಹಲವಕ್ಕೆ ಬೇಕಾದದ್ದು ತಿಳಿನೀರು. ಸಹ್ಯಾದ್ರಿಯ ಅಂಚಿನಲ್ಲಿ ಹೆಸರು ಕೆಡಿಸಿಕೊಂಡಿದ್ದ ಫ್ಲೂವಿಯಾಟಿಲಿಸ್ ಎಂಬ ಅನಾಫಿಲಿಸ್ ಮೊಟ್ಟೆಯಿಡುವುದು ನಿಧಾನವಾಗಿ ಹರಿಯುವ ಹಳ್ಳದ ಹುಲ್ಲಂಚಿನಲ್ಲಿ. ಜಡಿಮಳೆಯ ಪ್ರವಾಹ ಮರಿಹುಳುಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಮಳೆಯ ರಭಸ ಇಳಿದು ಹಳ್ಳಗಳು ತಿಳಿಯಾದ ಮೇಲೆ ಸೊಳ್ಳೆಗೆ ಸುಗ್ಗಿ. ಕಣ್ಣಿಗೆ ಎಷ್ಟು ನಿರ್ಮಲವೋ ಜ್ವರದ ದೃಷ್ಟಿಯಿಂದ ಅಷ್ಟು ಅಪಾಯ.

ಇಂಥ ಸಾವಿರಾರು ಹಳ್ಳಗಳಿಗೆ ಎಣ್ಣೆ ಸುರಿಯುವುದು ಸಾಧ್ಯವೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಖಾನಾಪುರದ ಗಡಿಗೆ ತಾಗಿದ ಜಿಲ್ಲೆಗಳಲ್ಲೇ. ಮುಂಬಯಿ ಪ್ರಾಂತದ ಮಲೇರಿಯಾ ತಜ್ಞ ಡಾ. ಡಿ.ಕೆ. ವಿಶ್ವನಾಥನ್ ಮತ್ತು ಅವರ ಸಹೋದ್ಯೋಗಿ ಟಿ. ರಾಮಚಂದ್ರ ರಾವ್, ಆಗಿನ ಕೆನರಾ ಜಿಲ್ಲೆಯ ಜ್ವರಪೀಡಿತ ಹಳ್ಳಿಗಳನ್ನು 1940ರ ದಶಕದಲ್ಲಿ ಅಧ್ಯಯನ ಮಾಡಿದರು. ಮಹಾಯುದ್ಧ ಮುಗಿದು ಡಿ.ಡಿ.ಟಿ. ನಾಗರಿಕ ಬಳಕೆಗೆ ಸಿಕ್ಕಿದ ಕೂಡಲೇ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಮನೆಗಳ ಒಳಗೋಡೆಗೆ ಅದನ್ನು ಸಿಂಪಡಿಸುವ ಕಾರ್ಯಕ್ರಮ ಆರಂಭವಾಯಿತು. ರಕ್ತ ಹೀರಿದ ಸೊಳ್ಳೆ ಗೋಡೆಯ ಮೇಲೆ ಕೂತು ವಿಶ್ರಮಿಸುತ್ತದೆ, ಅಲ್ಲೇ ಔಷಧ ತಗಲಿ ಸಾಯುತ್ತದೆ ಎಂಬುದು ಇದರ ಹಿಂದಿನ ತರ್ಕ. ಹಳ್ಳವನ್ನು ಮುಟ್ಟಬೇಕಾಗಿಯೇ ಇಲ್ಲ!

ಮೊದಲ ವರ್ಷದ ಫಲಿತಾಂಶ 1947ರಲ್ಲಿ ಪ್ರಕಟವಾದಾಗ ದೇಶದ ವೈದ್ಯರೆಲ್ಲ ಇತ್ತ ತಿರುಗಿ ನೋಡಿದರು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಇಂಥ ಅನುಭವವೇ ಆಧಾರ. ಆಗ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಸುಮಾರು 8 ಲಕ್ಷ ಮಂದಿ ಸಾಯುತ್ತಿದ್ದರು ಎಂಬುದು ಅಂದಾಜು. 1961ರ ಹೊತ್ತಿಗೆ ಪ್ರಕರಣಗಳು 50 ಸಾವಿರದ ಆಸುಪಾಸಿಗೆ ಇಳಿದವು. ಮನೆ ಬಾಗಿಲಿಗೆ ಬಂದು ಜ್ವರವುಂಟೆ ಎಂದು ಕೇಳಿ, ಬೆರಳು ಚುಚ್ಚಿ ರಕ್ತದ ಹನಿಯನ್ನು ಗಾಜಿನ ಮೇಲೆ ತೆಗೆದುಕೊಂಡು, ಗೋಡೆಯ ಮೇಲೆ ತಾರೀಖು ಬರೆದು ಹೋಗುವ ‘ಮಲೇರಿಯಾದವರು’ ನಮ್ಮ ಅಜ್ಜ ಅಜ್ಜಿಯರ ನೆನಪಿನಲ್ಲಿ ಇನ್ನೂ ಇದ್ದಾರೆ.

ರೋಗ ಹೋಯಿತೆಂದು ಎಲ್ಲರೂ ಮೈಮರೆತರು. ಸೊಳ್ಳೆ ಡಿ.ಡಿ.ಟಿ.ಗೆ ಒಗ್ಗಿಕೊಂಡಿತು. ಹಣ, ಔಷಧ, ನಿಗಾ ಎಲ್ಲ ಸಡಿಲವಾದವು. 1976ರಲ್ಲಿ ದೇಶದಲ್ಲಿ ಸುಮಾರು 64 ಲಕ್ಷ ಪ್ರಕರಣಗಳು ವರದಿಯಾದವು. ಮಲೇರಿಯಾದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇರೊಂದಿಲ್ಲ.

ಊರ ಬಾವಿ, ಮನೆಯ ಟ್ಯಾಂಕು

ಕಾಡಂಚಿನಿಂದ ಈಗ ಬೆಳಗಾವಿ ಪಟ್ಟಣಕ್ಕೆ ಬರೋಣ. ಹವೆ ತಂಪಾದ್ದರಿಂದ ‘ಬಡವರ ಮಹಾಬಳೇಶ್ವರ’ ಎನಿಸಿಕೊಂಡ ಈ ಊರು ಬಹುಕಾಲ ಬದುಕಿದ್ದು ಬಾವಿಗಳ ಮೇಲೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಇಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಗಂಗಾಧರರಾವ್ ದೇಶಪಾಂಡೆಯವರಂಥ ಸಂಘಟಕರ ಮುಂದಿದ್ದ ದೊಡ್ಡ ಚಿಂತೆಗಳಲ್ಲಿ ಒಂದು ನೀರು. ಬಂದವರಿಗಾಗಿ ದೊಡ್ಡ ಬಾವಿಯನ್ನೇ ತೋಡಿಸಿದರು. ‘ಪಂಪಾ ಸರೋವರ’ ಎಂದು ಹೆಸರಿಟ್ಟ ಆ ‘ಕಾಂಗ್ರೆಸ್ ಬಾವಿ’ ಇಂದಿಗೂ ಇದೆ. ಮುಂದೆ 1960ರ ದಶಕದಲ್ಲಿ ಮಾರ್ಕಂಡೇಯ ನದಿಯ ರಾಕಸಕೊಪ್ಪ ಜಲಾಶಯದ ನೀರು ಬಂತು, ಅನಂತರ ಹಿಡಕಲ್ಲಿನದೂ ಬಂತು. ಆದರೆ ಊರು ಬೆಳೆದಂತೆ ನಳದ ಪಾಳಿ ಶುರುವಾಯಿತು. ಕೆಲವು ದಿನಕ್ಕೊಮ್ಮೆ, ಕೆಲವು ತಾಸು ಮಾತ್ರ ನೀರು.

ಪಾಳಿಯ ನಳಕ್ಕೂ ಸೊಳ್ಳೆಗೂ ನೇರ ಸಂಬಂಧವಿದೆ. ನೀರು ದಿನವೂ ಬಾರದಿದ್ದರೆ ಹಿಡಿದಿಡಲೇಬೇಕು. ಕೊಡ, ಹಂಡೆ, ಬ್ಯಾರಲ್, ನೆಲದಡಿಯ ಟಾಕಿ, ಮಾಳಿಗೆಯ ಮೇಲಿನ ಟ್ಯಾಂಕು ಎಲ್ಲವೂ ತುಂಬುತ್ತವೆ. ಪಟ್ಟಣದ ಮಲೇರಿಯಾ ಸೊಳ್ಳೆಯಾದ ಅನಾಫಿಲಿಸ್ ಸ್ಟೀಫೆನ್ಸಿಗೆ ಬಾವಿ, ಟ್ಯಾಂಕುಗಳ ಈ ಶುದ್ಧ ನೀರೇ ಪ್ರಿಯ. ಡೆಂಗಿ ತರುವ ಈಡಿಸ್ ಸೊಳ್ಳೆಗೂ ಅಷ್ಟೇ. 1990ರ ದಶಕದಿಂದ ಮಂಗಳೂರಿನಲ್ಲಿ ಕಟ್ಟಡ ಕಾಮಗಾರಿಗಳ ಜೊತೆಜೊತೆಗೆ ಮಲೇರಿಯಾ ಏರಿದ್ದನ್ನು ಕರ್ನಾಟಕ ಕಂಡಿದೆ. ಸೆಂಟ್ರಿಂಗ್ ಕೆಲಸದ ನಿಂತ ನೀರು, ಪರ ಊರಿನ ಕೂಲಿಗಳು: ಹಳ್ಳ ಮತ್ತು ರೈಲು ಹಾದಿಯ ಹಳೆಯ ಕತೆಯೇ ಪಟ್ಟಣದ ವೇಷದಲ್ಲಿ ಮರಳಿತ್ತು.

ಪಾಳಿಯ ನಳದ ಇನ್ನೊಂದು ದೋಷವನ್ನು ಪತ್ತೆಹಚ್ಚಿದ್ದು ಹುಬ್ಬಳ್ಳಿ-ಧಾರವಾಡದಲ್ಲಿ. ಸವದತ್ತಿಯ ನವಿಲುತೀರ್ಥ ಜಲಾಶಯದಿಂದ ಈ ಅವಳಿ ನಗರಕ್ಕೆ ಹೋಗುವುದು ಮಲಪ್ರಭೆಯ ನೀರು, ಅಂದರೆ ಖಾನಾಪುರದ ಕಾಡಿನಲ್ಲಿ ಹುಟ್ಟಿದ ನೀರು. 2008ರಲ್ಲಿ ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳ ಕೆಲವು ವಾರ್ಡುಗಳಿಗೆ ಇಪ್ಪತ್ನಾಲ್ಕು ತಾಸು ನೀರು ಕೊಡುವ ಪ್ರಯೋಗ ಜಾರಿಗೆ ಬಂತು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಅವಳಿ ನಗರದಲ್ಲಿ ಎರಡೂ ಬಗೆಯ ವಾರ್ಡುಗಳ ನೀರನ್ನು ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಮಲದ ಕಲಬೆರಕೆಯನ್ನು ಸೂಚಿಸುವ ಇ-ಕೊಲಿ ಬ್ಯಾಕ್ಟೀರಿಯಾ, ಪಾಳಿಯ ನಳದ ಮಾದರಿಗಳಲ್ಲಿ ಮೂರರಲ್ಲೊಂದರಷ್ಟರಲ್ಲಿ ಸಿಕ್ಕಿತು. ಸದಾ ಹರಿಯುವ ನಳದಲ್ಲಿ ನೂರಕ್ಕೆ ಒಂದರಲ್ಲೂ ಸಿಗಲಿಲ್ಲ. ನೀರು ನಿಂತಾಗ ಕೊಳವೆಯಲ್ಲಿ ಒತ್ತಡ ಇಳಿಯುತ್ತದೆ, ಬಿರುಕುಗಳಿಂದ ಸುತ್ತಲ ಕೊಳೆ ಒಳಸೇರುತ್ತದೆ. ಆಯ್ಸೆ ಎರ್ಜುಮೆನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಸದಾ ನೀರಿದ್ದ ವಾರ್ಡುಗಳ ಮನೆಗಳಲ್ಲಿ ವಿಷಮಶೀತಜ್ವರ ಕಡಿಮೆ ಕಂಡಿತು. ಆದರೆ ಮಕ್ಕಳ ಸಾಮಾನ್ಯ ಭೇದಿ ಒಟ್ಟಾರೆ ಗಣನೀಯವಾಗಿ ಇಳಿಯಲಿಲ್ಲ ಎಂದೂ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ನಳವೊಂದೇ ಎಲ್ಲವನ್ನೂ ಗುಣಪಡಿಸದು.

ರಾಸ್ ಬೆಂಗಳೂರಿನಲ್ಲಿ ಕಂಡ ಎರಡು ಮುಖಗಳು ಇಲ್ಲಿ ಒಂದೇ ನಳದಲ್ಲಿ ಕೂಡಿವೆ. ನಳ ನಿಂತರೆ ಕುಡಿಯುವ ನೀರೂ ಕೆಡುತ್ತದೆ, ಹಿಡಿದಿಟ್ಟ ನೀರಿನಲ್ಲಿ ಸೊಳ್ಳೆಯೂ ಹುಟ್ಟುತ್ತದೆ. ಎರಡರ ಪೆಟ್ಟೂ ಮೊದಲು ಬೀಳುವುದು ಮುಚ್ಚಳವಿರುವ ಟ್ಯಾಂಕು, ನೀರು ಶುದ್ಧೀಕರಿಸುವ ಯಂತ್ರ ಕೊಳ್ಳಲಾರದ ಮನೆಗಳ ಮೇಲೆ.

ಬಾವಿಗೆ ಮೀನು

ಜಾಗವನ್ನು ಅರಿತು ಮಾಡಿದ ಕೆಲಸ ಹೇಗೆ ಫಲ ಕೊಡುತ್ತದೆ ಎಂಬುದಕ್ಕೆ ಕೋಲಾರ ಜಿಲ್ಲೆಯ ಉದಾಹರಣೆ ಇದೆ. ಅಲ್ಲಿ ರೋಗ ಹರಡುತ್ತಿದ್ದುದು ಹಳ್ಳಗಳಿಂದಲ್ಲ, ಬಾವಿ ಕುಂಟೆಗಳಿಂದ. ಎಸ್.ಕೆ. ಘೋಷ್ ಮತ್ತು ಸಂಗಡಿಗರು ಔಷಧ ಸಿಂಪಡಣೆಯ ಬದಲು ಮರಿಹುಳು ತಿನ್ನುವ ಗಪ್ಪಿ, ಗ್ಯಾಂಬೂಸಿಯಾ ಮೀನುಗಳನ್ನು ನೀರಿಗೆ ಬಿಟ್ಟರು. ಸೊಳ್ಳೆಯೂ ಮಲೇರಿಯಾವೂ ಇಳಿದವು. ಲಂಡನ್ನಿನ ಉಷ್ಣವಲಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 2005ರಲ್ಲಿ ಇದು ಪ್ರಕಟವಾಯಿತು. ಮ್ಯಾನ್ಸನ್ ಮೊದಲ ಅಧ್ಯಕ್ಷರಾಗಿದ್ದ ಸಂಘವದು! ಆದರೆ ಇದೇ ಮೀನನ್ನು ಖಾನಾಪುರದ ಹರಿಯುವ ಹಳ್ಳಕ್ಕೆ ಬಿಟ್ಟರೆ ಅಷ್ಟು ಫಲ ಸಿಕ್ಕೀತೆಂದು ಹೇಳಲಾಗದು. ಪರದೇಶದ ಮೀನು ಮಲಪ್ರಭೆಯ ಮೂಲದಲ್ಲಿ ಸೇರಿದರೆ ಅಲ್ಲಿಯ ಮೂಲ ಮೀನುಗಳಿಗೂ ಕಂಟಕ. ಕೋಲಾರದ ಮದ್ದು ಕೋಲಾರಕ್ಕೆ.

ಹೊಸ ಗುರಿ, ಹಳೆಯ ಪಾಠ

ಈಗ ದೇಶ ಮತ್ತೊಮ್ಮೆ ಗೆಲುವಿನ ಸಮೀಪದಲ್ಲಿದೆ. 2015ರಲ್ಲಿ 11.69 ಲಕ್ಷದಷ್ಟಿದ್ದ ವರದಿಯಾದ ಪ್ರಕರಣಗಳು 2023ರಲ್ಲಿ 2.27 ಲಕ್ಷಕ್ಕೆ ಇಳಿದಿವೆ. 2030ರೊಳಗೆ ಮಲೇರಿಯಾವನ್ನು ಪೂರ್ತಿ ತೊಲಗಿಸುವುದು ಸರ್ಕಾರದ ಗುರಿ. ರೋಗ ಅಪರೂಪವಾದಂತೆ ಅಪಾಯದ ರೂಪ ಬದಲಾಗುತ್ತದೆ. ಜ್ವರ ಬಂದಾಗ ಮಲೇರಿಯಾ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ರಕ್ತದ ಹನಿ ಪರೀಕ್ಷೆಗೆ ಹೋಗುವುದಿಲ್ಲ. ದುಡಿಯಲು ಹೊರಗೆ ಹೋಗಿ ಬಂದ ಒಬ್ಬನ ರಕ್ತದಲ್ಲಿರುವ ರೋಗಬೀಜ, ಹಳ್ಳದ ಒಂದು ಸೊಳ್ಳೆಗೆ ಸಿಕ್ಕಿದರೆ ಸಾಕು. ಗೋವೆಯ ಗಡಿಗೆ ಅಂಟಿಕೊಂಡ ಖಾನಾಪುರದಂಥ ತಾಲ್ಲೂಕಿನಲ್ಲಿ ಹೋಗಿ ಬರುವವರಿಗೆ ಕೊರತೆಯಿಲ್ಲ.

ಬೆಳಗಾವಿಗೆ ವೈದ್ಯಸಂಶೋಧನೆ ಹೊಸದಲ್ಲ. ಮುಂಬಯಿ ಪ್ರಾಂತಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ‘ವ್ಯಾಕ್ಸಿನ್ ಡಿಪೋ’ದ ಹೆಸರು ಟಿಳಕವಾಡಿಯಲ್ಲಿ ಇನ್ನೂ ಉಳಿದಿದೆ. 1963ರಿಂದ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಇದೆ. 2006ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಾದೇಶಿಕ ಕೇಂದ್ರ ಇಲ್ಲಿ ಆರಂಭವಾಯಿತು. ಅದೇ ಇಂದಿನ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆ. ಹೀಗಾಗಿ ಇಲ್ಲಿಯ ನೀರು ಮತ್ತು ಜ್ವರದ ಮೇಲೆ ಪ್ರಬಂಧ ಬರೆದು ದೇಶವಿದೇಶಗಳ ಸಮ್ಮೇಳನಗಳಲ್ಲಿ ಮಂಡಿಸಬಲ್ಲವರು ಊರಿನಲ್ಲೇ ಇದ್ದಾರೆ.

ಆದರೆ ಪ್ರಬಂಧದ ಪ್ರಯಾಣ ಎಡಿನ್‌ಬರೋದಲ್ಲಿ ಮುಗಿಯುವುದಿಲ್ಲ. ಅದು ಹುಟ್ಟಿದ ಜಾಗಕ್ಕೆ ಮರಳಿ ಬರಬೇಕು. ಬೆರಳು ಚುಚ್ಚಿಸಿಕೊಂಡವರಿಗೆ, ಬಾವಿಯ ನೀರು ಸೇದಿ ಕೊಟ್ಟವರಿಗೆ ‘ನಿಮ್ಮಲ್ಲಿ ಇದು ಕಂಡಿತು, ಹೀಗೆ ಮಾಡಿ’ ಎಂದು ಅವರ ಮಾತಿನಲ್ಲಿ ತಿಳಿಸಬೇಕು. ಮಾಡಬೇಕಾದದ್ದು ದೊಡ್ಡದೇನಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಬೇಕು. ವಾರಕ್ಕೊಮ್ಮೆ ಹಂಡೆ, ಬ್ಯಾರಲ್ ಬರಿದುಮಾಡಿ ಉಜ್ಜಿ ಒಣಗಿಸಿದರೆ, ಟ್ಯಾಂಕಿಗೆ ಬಿಗಿಯಾದ ಮುಚ್ಚಳ ಹಾಕಿದರೆ, ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ನಗರಪಾಲಿಕೆ, ಪಂಚಾಯತಿ ಮತ್ತು ಆರೋಗ್ಯ ಇಲಾಖೆಗೆ ಸೇರಿದ್ದು.

1883ರಲ್ಲಿ ಬೆಂಗಳೂರಿನಲ್ಲಿ ಒಬ್ಬ ತರುಣ ವೈದ್ಯ ತೊಟ್ಟಿ ಬೋರಲು ಹಾಕಿಸಿದಾಗ ಅಧಿಕಾರಿ ನಕ್ಕಿದ್ದ. ಇಂದು ಕಾರಣ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ನಮ್ಮ ಮಾಳಿಗೆಯ ಮೇಲಿನ ಟ್ಯಾಂಕಿನ ಮುಚ್ಚಳ ತೆರೆದೇ ಇದ್ದರೆ, ನಗುವ ಸರದಿ ಸೊಳ್ಳೆಯದು.